ಖೋಲಿ ದಾಟುವ ಒಂದು ಮಾತು

ಮುನಿರಾಬಾದಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಪಕ್ಕದ ಮನೆಯ ಬಸಮ್ಮ ಬಾಗಿಲು ತಟ್ಟದೆ ಒಳಗೆ ಬಂದು, ಸುತ್ತ ಕಣ್ಣಾಡಿಸಿ, "ಸರ, ಯಾರ ಕೂಡ ಮಾತಾಡಾಕತ್ತಿದ್ರಿ?" ಎಂದರು. ಮನೆಯಲ್ಲಿ ನಾನೊಬ್ಬನೇ ಇದ್ದೆ. ಬಾಯಿಬಿಟ್ಟು ಮಾತಾಡಿದ್ದು ನನಗೇ ಗೊತ್ತಿರಲಿಲ್ಲ.

ನನ್ನೂರು ಕೊಳ್ಳೇಗಾಲ. ನೀರಾವರಿ ಇಲಾಖೆಯಲ್ಲಿ ಗುಮಾಸ್ತ. ವರ್ಗವಾಗಿ ಅಣೆಕಟ್ಟೆಯ ಈ ಕಾಲೊನಿಗೆ ಬಂದೆ. ಮಗಳ ಕಾಲೇಜಿದೆಯೆಂದು ಹೆಂಡತಿ ಸವಿತಾ ಊರಲ್ಲೇ ಉಳಿದಳು. ನಮ್ಮ ಕಡೆ ನೆರೆಯವರು ಗೇಟಿನಾಚೆ ನಿಂತು "ಊಟ ಆಯ್ತಾ" ಎಂದು ಕೇಳಿ ಹೋಗುತ್ತಾರೆ. ಇಲ್ಲಿ ಅಡುಗೆಮನೆಗೇ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಾರೆ. ಬಸಮ್ಮ ನಮ್ಮ ಕಚೇರಿಯಲ್ಲೇ ಅಟೆಂಡರ್, ತಳಕಲ್ ಕಡೆಯವರು, ನನಗಿಂತ ಹಿರಿಯರು. ರೊಟ್ಟಿಯ ಜೊತೆ ಪುಂಡಿಪಲ್ಯ, ಅಂದರೆ ಹುಳಿಸೊಪ್ಪಿನ ಪಲ್ಯ, ತಂದಿಡುತ್ತಿದ್ದರು. ರೊಟ್ಟಿ ಬಡಿಯುವುದನ್ನೂ ಕಲಿಸಿದರು. ಕೊನೆಗೊಂದು ದಿನ ಹರಿಯದ ರೊಟ್ಟಿ ಮಾಡಿ ಸವಿತಾಗೆ ಫೋಟೊ ಕಳಿಸಿದೆ. "ಪರವಾಗಿಲ್ವೆ, ಚೆನ್ನಾಗೇ ಇದ್ದೀರಿ" ಎಂದಳು. ಚೆನ್ನಾಗಿರಲಿಲ್ಲ.

ಯಾಕೆ ಎಂದು ಕೇಳಬೇಡಿ. ಸಾವಿಲ್ಲ, ನೋವಿಲ್ಲ, ಜಗಳವಿಲ್ಲ. ಮೊದಲು ನಿದ್ದೆ ಹೋಯಿತು, ಆಮೇಲೆ ಹಸಿವು, ಆಮೇಲೆ ನಾಳೆಯ ಮೇಲಿನ ಆಸೆ. ಸಂಜೆ ಕಚೇರಿ ಬಿಟ್ಟೊಡನೆ ಕಾಲು ತಾನಾಗಿ ಎಡದಂಡೆ ಕಾಲುವೆಯ ಕಡೆ ನಡೆಯತೊಡಗಿತು. ನೀರು ಸದ್ದಿಲ್ಲದೆ, ಬಲು ಅವಸರದಲ್ಲಿ ಹರಿಯುತ್ತಿತ್ತು. ದಿನದಿಂದ ದಿನಕ್ಕೆ ಇನ್ನಷ್ಟು ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಕೊನೆಗೆ ನನ್ನ ಬಗ್ಗೆ ನನಗೇ ಭಯ ಹುಟ್ಟಿತು.

ಕೊಪ್ಪಳದ ಆಪ್ತಸಮಾಲೋಚಕಿಯೊಬ್ಬರ ಹತ್ತಿರ ಹೋದೆ. ಜ್ವರಕ್ಕೆ ಡಾಕ್ಟರನ್ನು ಕಂಡ ಹಾಗೆ ಎಂದುಕೊಂಡಿದ್ದೆ: ಹೇಳುವುದು, ಚೀಟಿ ಬರೆಸಿಕೊಳ್ಳುವುದು, ಬಸ್ಸು ಹತ್ತುವುದು. ಹಾಗಲ್ಲ. ಅವರು ಮಾತ್ರೆ ಕೊಡುವುದಿಲ್ಲ. ಬೇಕಾದರೆ ಮನೋವೈದ್ಯರ ಬಳಿ ಕಳಿಸುತ್ತಾರೆ. ಹೀಗೆ ಮಾಡಿ, ಹಾಗೆ ಮಾಡಿ ಎಂದು ಬುದ್ಧಿ ಹೇಳುವುದೂ ಇಲ್ಲ. ಮೊದಲ ಭೇಟಿಗೇ ಮನಸ್ಸು ಹಗುರಾಗುತ್ತದೆಂದು ನಂಬಿ ಹೋಗಬೇಡಿ. ನನಗಂತೂ ಇನ್ನಷ್ಟು ಭಾರವಾಯಿತು. ತಮ್ಮ ಮುಂದೆ ಬಾಯಿ ಬಿಡಲಾಗದಿದ್ದರೆ ಬೇರೆಯವರ ಹತ್ತಿರ ಹೋಗಬಹುದು ಎಂದು ಅವರೇ ಹೇಳಿದರು. ಆಮೇಲೆ ಹೇಳಿದ್ದು ಇದು:

"ನೀವು ಹೇಳಿದ್ದು ಈ ಖೋಲಿ ದಾಟಂಗಿಲ್ರಿ. ಒಂದ ಮಾತು ಬಿಟ್ಟು. ನಿಮ್ಮ ಜೀವಕ್ಕ ಅಪಾಯ ಐತಿ ಅಂತ ಅನಿಸಿದ್ರ, ನಿಮ್ಮವ್ರಿಗೆ ಹೇಳಬೇಕಾಕ್ಕೈತಿ. ಯಾರಿಗೆ ಹೇಳ್ಲಿ?"

ಖೋಲಿ ಅಂದರೆ ಕೋಣೆ. ಆ ಕೋಣೆಯಲ್ಲಿ ಸವಿತಾಳ ಹೆಸರು ಬಾಯಿಗೆ ಬಂತು, ನುಂಗಿಕೊಂಡೆ. ಬಸಮ್ಮನ ಹೆಸರು ಹೇಳಿದೆ. ಹೇಳಿದ ಮೇಲೆ ತಪ್ಪಾಯಿತೆನಿಸಿತು. ಬಸಮ್ಮನ ಕಿವಿಗೆ ಬಿದ್ದರೆ ಕಚೇರಿಗೆಲ್ಲ ಬಿದ್ದಂತೆ; "ಗುಮಾಸ್ತಗ ತಲಿ ಕೆಟ್ಟೈತಿ" ಎಂದು ಆಡಿಕೊಂಡರೆ ಮುಖ ಎಲ್ಲಿಡಲಿ? ಹಾಗಾಗಿ ಒಂದು ಉಪಾಯ ಮಾಡಿದೆ. ಕಾಲುವೆಯದೊಂದು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದೆ. ನಿದ್ದೆ, ಹಸಿವು, ಚಿಕ್ಕಂದಿನಲ್ಲಿ ಕಂಡ ಅಪ್ಪನ ಸಿಟ್ಟು. ವಾರವಾರ ತಪ್ಪದೆ ಹೋದೆ. ವಾಪಸಾಗಿ ಬಸ್ಸಿಳಿದವನು ನೇರ ಕಾಲುವೆಗೇ ನಡೆಯುತ್ತಿದ್ದೆ. ಈ ಜಾಣತನ ನಿಮಗೆ ಬೇಡ. ಅದೊಂದನ್ನು ಮುಚ್ಚಿಟ್ಟರೆ ಹೋದರೂ ಒಂದೇ, ಹೋಗದಿದ್ದರೂ ಒಂದೇ.

ಒಂದು ದಿನ ಆಕೆ ನೇರವಾಗಿ ಕೇಳಿದರು: "ಸಾಯಬೇಕು ಅನಸ್ತೈತೇನ್ರಿ?"

ಅಂಥ ಮಾತನ್ನು ಬಾಯಲ್ಲಿ ತರುವುದೇ ಅನಿಷ್ಟ ಎನ್ನುವವರು ನಾವು, ಅಲ್ಲಿಯೂ ಇಲ್ಲಿಯೂ. ಆದರೆ ಯಾರೋ ಒಬ್ಬರು ಕೇಳಿದ್ದೇ ಕಟ್ಟೆಯೊಡೆದಂತಾಯಿತು. ಹೂಂ ಎಂದೆ. ಕಾಲುವೆಯದನ್ನೂ ಹೇಳಿದೆ. ಅವರು ನನ್ನೆದುರಿಗೇ ಫೋನ್ ಮಾಡಿದರು.

ಬಸಮ್ಮ ಕಚೇರಿಯಿಂದ ನೇರ ಬಂದರು, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ. ಬೈಯುತ್ತಾರೆ ಎಂದುಕೊಂಡೆ. "ನಡೀರಿ ಸರ, ಮನಿಗೆ ಹೋಗೂಣು" ಎಂದರಷ್ಟೆ. ಬಸ್ಸಿನುದ್ದಕ್ಕೂ ನನ್ನ ಅಂಗಿಯ ತೋಳು ಹಿಡಿದೇ ಕೂತಿದ್ದರು. ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಜೀವಕ್ಕೆ ಸಮಾಧಾನವಾಯಿತು. ಕಚೇರಿಯಲ್ಲಿ ಈ ಮಾತು ಯಾರಿಗೂ ತಿಳಿಯಲಿಲ್ಲ.

ಸವಿತಾಗೆ ನಾನೇ ಹೇಳಿದೆ. ಮರುದಿನವೇ ಬಂದಿಳಿದಳು. ಅಷ್ಟರಲ್ಲಿ ಮನೋವೈದ್ಯರ ಮಾತ್ರೆಯೂ ಶುರುವಾಗಿತ್ತು. ಎಲ್ಲವನ್ನೂ ಕೇಳಿಸಿಕೊಂಡು, "ನನ್ನ ಹೆಸ್ರು ಯಾಕೆ ಕೊಡ್ಲಿಲ್ಲ?" ಎಂದಳು.

"ದೂರ ಅಲ್ವಾ?"

"ಫೋನಿಗೆ ಯಾವ ದೂರ?"

ಆಗ ನಿಜ ಹೇಳಿದೆ: ಊರಿನವರ ಕಣ್ಣಲ್ಲಿ ನಾನು ಚೆನ್ನಾಗಿರುವವನಾಗಿಯೇ ಉಳಿಯಬೇಕಿತ್ತು, ನಿನ್ನ ಕಣ್ಣಲ್ಲಂತೂ ಇನ್ನೂ ಹೆಚ್ಚಾಗಿ. ಇಲ್ಲಿ ಆ ಹಂಗು ಅಷ್ಟಿರಲಿಲ್ಲ.

ಅವಳು ಕೇಳಿದಳು: "ನಾಳೆ ಊರಿಗೆ ವರ್ಗ ಆಯ್ತು ಅಂತಿಟ್ಕೊಳ್ಳಿ. ಅಲ್ಲೂ ಹೊಳೆ ಅದೆ. ಅಲ್ಲಿ ಯಾರಿಗೆ ಹೇಳ್ತೀರಿ?"

ಬಂದ ಹೊಸದರಲ್ಲೇ ಊರಿಗೆ ವರ್ಗ ಕೇಳಿ ಹಾಕಿದ್ದ ಅರ್ಜಿಯನ್ನು ನಾನು ಹಿಂದಕ್ಕೆ ಪಡೆದಿಲ್ಲ, ಅದೇನಾಯಿತೆಂದು ವಿಚಾರಿಸಿಯೂ ಇಲ್ಲ. ಅವಳಿಗೂ ಇನ್ನೂ ಉತ್ತರ ಕೊಟ್ಟಿಲ್ಲ.