ದೊಡ್ಡವ್ವನ ಸೀರೆಯ ಹಿಂಬದಿ

ನನಗೆ ಸಿಟ್ಟು ಬೇಗ ಬರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಈ ಒಂದು ಸಿಟ್ಟು ಮಾತ್ರ ಎರಡು ವರ್ಷವಾದರೂ ಇಳಿದಿಲ್ಲ.

ಪುಣೆಯ ನಿಗಡಿಯಲ್ಲಿರುವ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು ಕಸೂತಿ ಹಾಕುವುದು ನನ್ನ ಕೆಲಸ. ದುಪಟ್ಟಾ, ಬ್ಲೌಸಿನ ತೋಳು, ಅಪರೂಪಕ್ಕೊಂದು ಸೀರೆ. ಫೋಟೋ ತೆಗೆದು ಆನ್‌ಲೈನಿನಲ್ಲಿ ಹಾಕಿದರೆ ಕೊಳ್ಳುವವರು ಸಿಗುತ್ತಿದ್ದರು. ಧಾರವಾಡದಲ್ಲಿ ನನ್ನ ಕೈಗೆ ಸೂಜಿ ಕೊಟ್ಟವಳು ದೊಡ್ಡವ್ವ, ಅಂದರೆ ಅವ್ವನ ಅಕ್ಕ. ಅವಳು ಮೊದಲು ನೋಡುತ್ತಿದ್ದುದು ಬಟ್ಟೆಯ ಹಿಂಬದಿಯನ್ನು. ಕಸೂತಿಯಲ್ಲಿ ಗಂಟು ಇರಬಾರದು, ಹಿಂದೆಯೂ ಮುಂದೆಯೂ ಒಂದೇ ಥರ ಕಾಣಬೇಕು. ನಾನು ಕದ್ದು ಗಂಟು ಹಾಕಿದ ದಿನ ಬಟ್ಟೆ ತಿರುವಿ ನೋಡಿ, ಎಲ್ಲ ಬಿಚ್ಚಿ ನನ್ನ ತೊಡೆಯ ಮೇಲೆ ಇಡುತ್ತಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಊರವರ ಮದುವೆಗೆಲ್ಲ ಸೀರೆಗೆ ಕಸೂತಿ ಹಾಕಿಕೊಟ್ಟ ದೊಡ್ಡವ್ವನಿಗೆ ತನ್ನದೆಂಬ ಒಂದು ಕಸೂತಿ ಸೀರೆ ಇರಲಿಲ್ಲ. ಸಕ್ಕರೆ ಕಾಯಿಲೆಯಿಂದ ಅವಳ ಕಣ್ಣು ಹೋಗುತ್ತ ಬಂದಾಗ ಒಂದು ದಿನ ಫೋನಿನಲ್ಲಿ ಕೇಳಿದಳು: “ಯವ್ವಾ, ಮಂದಿಗೆಲ್ಲಾ ಹಾಕಿ ಕೊಡ್ತಿ. ನನಗೂ ಒಂದು ಹಾಕು. ಕಣ್ಣು ಪೂರ್ತಿ ಹೋಗೂದ್ರಾಗ ಉಟ್ಕೊಂಡು ನೋಡ್ತೀನಿ.” ನನ್ನಿಂದ ಅವಳು ಕೇಳಿದ್ದು ಅದೊಂದೇ.

ಆಗಲಿ ಅಂದೆ. ಆದರೆ ಅದೇ ಹೊತ್ತಿಗೆ ನನ್ನ ವ್ಯಾಪಾರ ಏರತೊಡಗಿತ್ತು. ಬಣ್ಣ ಹೋಗುತ್ತದೆಯೇ, ಇನ್ನೂ ಯಾಕೆ ತಲುಪಿಲ್ಲ, ಇನ್ನೊಂದು ಫೋಟೋ ಕಳಿಸಿ. ಈ ಮೆಸೇಜುಗಳಿಗೆ ಉತ್ತರ ಕೊಡುವುದರಲ್ಲಿ, ಡಬ್ಬಿ ಕಟ್ಟುವುದರಲ್ಲಿ, ಕೊರಿಯರ್ ಅಂಗಡಿಯ ಸಾಲಿನಲ್ಲಿ ನಿಲ್ಲುವುದರಲ್ಲಿ ದಿನ ಮುಗಿಯುತ್ತಿತ್ತು. ಕಸೂತಿ ಹಾಕುವವಳು ಸೂಜಿ ಮುಟ್ಟದೆ ವಾರ ಕಳೆಯುತ್ತಿದ್ದಳು. ಆನ್‌ಲೈನ್ ವ್ಯಾಪಾರ ಕಲಿಸುವ ಒಂದು ವಿಡಿಯೋದಲ್ಲಿ ಒಬ್ಬ ಮಹಾಶಯ, ನಿಮ್ಮ ಕೈಯೇ ಬೇಕಾದ ಕೆಲಸ ಇಟ್ಟುಕೊಳ್ಳಿ, ಉಳಿದದ್ದೆಲ್ಲ ಬೇರೆಯವರಿಗೆ ವಹಿಸಿ, ಸಮಯ ತಾನಾಗಿ ಸಿಗುತ್ತದೆ ಅಂದ. ನನಗೆ ಆ ಮಾತು ದೇವರೇ ಹೇಳಿದಂತೆ ಕೇಳಿಸಿತು.

ಎದುರಿನ ವಿಂಗ್‌ನಲ್ಲಿದ್ದ, ಆಮೇಲೆ ನಾನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯತೊಡಗಿದ ಹೆಂಗಸು ಸಿಕ್ಕಿದ್ದು ತರಕಾರಿ ಗಾಡಿಯ ಹತ್ತಿರ. ನಾನು ಮರಾಠಿಯಲ್ಲಿ ಚೌಕಾಸಿ ಮಾಡುತ್ತಿದ್ದಾಗ ಹಿಂದಿನಿಂದ ಒಂದು ದನಿ, “ತುಟ್ಟಿ ಆತು ಬಿಡ್ರಿ, ಮುಂದಿನ ಗಾಡಿಗೆ ಹೋಗೋಣು” ಅಂದಿತು. ಕಲಬುರಗಿ ಕಡೆಯವರು. ಪುಣೆಯಲ್ಲಿ ನಮ್ಮ ಕನ್ನಡ ಕಿವಿಗೆ ಬಿದ್ದರೆ ನಾವು ಮುಂದೆ ಏನನ್ನೂ ವಿಚಾರಿಸುವುದಿಲ್ಲ, ನೇರ ಚಹಾಕ್ಕೆ ಕರೆಯುತ್ತೇವೆ. ಮರಾಠಿಯವಳಾಗಿದ್ದರೆ ಹತ್ತು ಪ್ರಶ್ನೆ ಕೇಳಿ ಕೆಲಸ ಕೊಡುತ್ತಿದ್ದೆ. ವೈನಿಗೆ ಒಂದೂ ಕೇಳದೆ ವ್ಯಾಪಾರದ ಫೋನು, ಪಾಸ್‌ವರ್ಡು, ಕಪಾಟಿನ ಕೀಲಿ ಕೊಟ್ಟುಬಿಟ್ಟೆ.

ಅವರು ಕೆಲಸವನ್ನು ಚೆನ್ನಾಗಿಯೇ ಮಾಡಿದರು. ಗಿರಾಕಿಗಳಿಗೆ ನನ್ನ ಹೆಸರಿನಲ್ಲಿ ನನಗಿಂತ ನಯವಾಗಿ ಬರೆಯುತ್ತಿದ್ದರು. “ನೀವು ಸೂಜಿ ಬಿಟ್ಟು ತಲಿ ಎತ್ತಬ್ಯಾಡ್ರಿ. ಹೊರಗಿಂದೆಲ್ಲಾ ನಾ ನೋಡ್ಕೋತೀನಿ” ಅನ್ನುತ್ತಿದ್ದರು. ನನ್ನ ಮಧ್ಯಾಹ್ನಗಳು ಮರಳಿ ಬಂದವು. ಕಪ್ಪು ಇಳಕಲ್ ಸೀರೆಯ ಮೇಲೆ ದೊಡ್ಡವ್ವನಿಗಾಗಿ ಗೋಪುರ, ತುಳಸಿಕಟ್ಟೆ, ಆನೆ ಹಾಕಿದೆ. ಸೆರಗಿನಲ್ಲಿ ಎರಡು ಗಿಳಿ. ಒಂದು ಇನ್ನೊಂದಕ್ಕೆ ಬೆನ್ನು ತಿರುಗಿಸಿ ಮುನಿಸಿಕೊಂಡದ್ದು. ಅದು ದೊಡ್ಡವ್ವನದೇ ಚಿತ್ತಾರ. ಐದು ತಿಂಗಳು ಹಿಡಿಯಿತು. ಚಹಾ ಕುಡಿಯುತ್ತ ದೊಡ್ಡವ್ವನ ಕಣ್ಣಿನ ಕತೆ ಹೇಳಿ ನಾನು ಅತ್ತಿದ್ದು ವೈನಿಯ ಮುಂದೆಯೇ.

ಆ ಸೀರೆಯನ್ನು ನಾನೇ ಧಾರವಾಡಕ್ಕೆ ಒಯ್ದು ಕುಂಕುಮ ಹಚ್ಚಿ ಕೊಡಬೇಕಿತ್ತು. ಆದರೆ ಕೆಲಸ ವಹಿಸುವ ರುಚಿ ಹತ್ತಿತ್ತು ನೋಡಿ. “ನಾಕು ಪಾರ್ಸಲ್ ಹೊಂಟಾವ್ರಿ, ಅದರ ಕೂಡ ಇದೂ ಹೋಗ್ತದ” ಅಂದರು ವೈನಿ. ಕೊಟ್ಟುಬಿಟ್ಟೆ.

ಹತ್ತು ದಿನದ ಮೇಲೆ ದೊಡ್ಡವ್ವನ ಫೋನು. “ಬಂತವ್ವಾ. ಚಂದ ಅದ” ಅಂದಳು. ಗಿಳಿಯ ಮಾತಿಲ್ಲ. ಕಣ್ಣು ಕಾಣಲಿಕ್ಕಿಲ್ಲ ಅಂದುಕೊಂಡರೂ ನನಗೆ ಒಳಗೊಳಗೇ ಕೋಪ ಬಂತು. ಆಮೇಲೆ ಅವಳ ಫೋನೂ ಕಡಿಮೆಯಾಯಿತು. ನಾನೇ ಮಾಡಿದರೆ, “ನಿನಗ ಕೆಲಸ ಭಾಳ ಇರ್ತಾವ, ಇಡು” ಅಂದು ಇಟ್ಟುಬಿಡುತ್ತಿದ್ದಳು.

ಏಳೆಂಟು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಪುಣೆಯ ಇನ್ನೊಂದು ತುದಿಯ ವಿಮಾನ ನಗರದಿಂದ ಬೆಂಗಳೂರಿನ ಕಡೆಯ ಒಬ್ಬ ಹೆಂಗಸು ಡಬ್ಬಿಯ ಮೇಲಿನ ವಿಳಾಸ ಹಿಡಿದು ಬಂದರು. “ಮಗಳ ಮದುವೇಲಿ ಉಟ್ಟಿದ್ದೆ. ಸೆರಗು ಒಂದು ಮೊಳೆಗೆ ಸಿಕ್ಕಿ ದಾರ ಎದ್ದಿದೆ. ಕೊರಿಯರ್‌ಗೆ ಹಾಕೋಕೆ ಮನಸ್ಸಾಗ್ಲಿಲ್ಲ” ಎಂದು ಚೀಲದಿಂದ ಸೀರೆ ತೆಗೆದರು. ನನ್ನ ಮುನಿಸಿಕೊಂಡ ಗಿಳಿ ನನ್ನನ್ನೇ ನೋಡುತ್ತಿತ್ತು.

ಇದು ನಿಮಗೆ ಹೇಗೆ ಸಿಕ್ಕಿತು ಎಂದು ಕೇಳಿದೆ. “ನಿಮ್ ಅಸಿಸ್ಟೆಂಟ್ ಮೊದಲು ಮಷೀನ್‌ದು ತೋರಿಸಿದ್ರು. ನಾನು ಹಿಂದೆ ತಿರುಗಿಸಿ ನೋಡಿ, ಬೇಡವೇ ಬೇಡ ಅಂದೆ. ಆಮೇಲೆ ಇದನ್ನ ತಂದ್ಕೊಟ್ರು. ಇದನ್ನ ಉಟ್ಕೊಂಡೇ ಧಾರೆ ಎರೆದಿದ್ದು.” ಧಾರೆ ಎರೆದ ಸೀರೆಯನ್ನು ವಾಪಸ್ ಕೊಡಿ ಅಂತ ಯಾವ ಬಾಯಿಂದ ಕೇಳಲಿ? ಎದ್ದ ದಾರವನ್ನು ಕೂರಿಸಿ, ಮಡಚಿ ಕೊಟ್ಟೆ. ಅವರು ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿ ಹೋದರು.

ಚಪ್ಪಲಿ ಸಹ ಹಾಕಿಕೊಳ್ಳದೆ ಎದುರಿನ ವಿಂಗ್‌ಗೆ ಹೋದೆ. ವೈನಿ ಚಪಾತಿ ಲಟ್ಟಿಸುತ್ತಿದ್ದರು. ವಿಮಾನ ನಗರದಾಕೆಯ ಸೀರೆಯ ಬಗ್ಗೆ ಕೇಳಿದೆ.

“ಆಕಿಗೆ ಸೀರಿ ಒಪ್ಕೊಂಡುಬಿಟ್ಟಿದ್ದೆರಿ, ಮದುವಿ ಹತ್ತರ ಬಂದಿತ್ತು” ಅಂದರು, ಕೈ ನಿಲ್ಲಿಸದೆ. “ನಿಮಗ ಹೇಳಿದ್ರ ಸೂಜಿ ಬಿಟ್ಟು ಚಿಂತಿ ಮಾಡ್ಕೋತ ಕೂಡ್ತಿದ್ರಿ. ನಿಮ್ಮ ಹೆಸರು ಉಳಸೀನಿ.”

“ಆಕಿ ಬ್ಯಾಡ ಅಂದ ಮಷೀನ್ ಸೀರಿ ನಮ್ಮ ದೊಡ್ಡವ್ವಗ ಕಳಿಸಿದ್ರೇನು?”

“ಗಿರಾಕಿ ತಿರುವಿ ನೋಡ್ತಾರ್ರಿ. ನಿಮ್ಮ ದೊಡ್ಡವ್ವಗ ಕಣ್ಣು ಕಾಣಂಗಿಲ್ಲಂತ ನೀವ ಹೇಳಿದ್ರೆಲ್ಲಾ.”

ಅವರ ದನಿಯಲ್ಲಿ ತಪ್ಪು ಮಾಡಿದ ಅಳುಕೇ ಇರಲಿಲ್ಲ. ನಾನು ಅತ್ತು ಹೇಳಿಕೊಂಡ ಸಂಕಟವನ್ನು ಈಕೆ ಒಂದು ಅನುಕೂಲವೆಂದು ತೆಗೆದಿಟ್ಟುಕೊಂಡಿದ್ದಳು. ಆವತ್ತಿನಿಂದ ಆಕೆ ನನಗೆ ವೈನಿಯಲ್ಲ. ಕೀಲಿ, ಫೋನು ಎರಡನ್ನೂ ಕಸಿದುಕೊಂಡು ಬಂದೆ.

ಮರುದಿನವೇ ಧಾರವಾಡಕ್ಕೆ ಹೋದೆ. ದೊಡ್ಡವ್ವನ ಕಣ್ಣು ಅಷ್ಟರಲ್ಲಿ ಪೂರ್ತಿ ಹೋಗಿತ್ತು. ಟ್ರಂಕಿನಿಂದ ಆ ಸೀರೆಯನ್ನು ತಾನೇ ತಡಕಿ ತೆಗೆದಳು. ಒಮ್ಮೆಯೂ ಉಟ್ಟಿರಲಿಲ್ಲ.

“ಬಂದ ದಿನಾನ ಗೊತ್ತಾತು. ಹಿಂದ ಕೈಯಾಡಿಸಿದೆ, ಬರೀ ಗಂಟು” ಅಂದಳು. “ಓಣ್ಯಾಗ ಮಾತ್ರ ನಮ್ಮ ಹುಡುಗಿ ಹಾಕ್ಯಾಳಂತ ಹೇಳೀನಿ. ಯಾರಿಗೂ ಮುಟ್ಟಗೊಟ್ಟಿಲ್ಲ.”

ನಾನು ಅಳುತ್ತ ಎಲ್ಲವನ್ನೂ ಹೇಳಿದೆ. ವೈನಿ, ಮದುವೆ, ವಿಮಾನ ನಗರ, ಗಿಳಿ. ಹೇಳುತ್ತ ಹೇಳುತ್ತ ನನಗೇ ಅದು ಸಿಕ್ಕಿಬಿದ್ದವಳು ಕಟ್ಟಿದ ಕತೆಯಂತೆ ಕೇಳಿಸತೊಡಗಿತು. ಫೋನಿನಲ್ಲಿ ನನ್ನ ಸೀರೆಯ ಫೋಟೋ ಇತ್ತು. ಅವಳಿಗೆ ಅದನ್ನು ತೋರಿಸುವುದು ಹೇಗೆ?

ದೊಡ್ಡವ್ವ ತಾಳ್ಮೆಯಿಂದ ಕೇಳಿ, ನನ್ನ ತಲೆ ಸವರಿ, “ಆತು ಬಿಡು. ಟೈಮ್ ಸಿಗಲಿಲ್ಲಂತ ಹೇಳಿದ್ರ ನಾ ಏನು ಬೈತಿದ್ನೇನು” ಅಂದಳು.

“ಇಲ್ಲ ದೊಡ್ಡವ್ವಾ. ಇನ್ನೊಂದು ಹಾಕ್ತೀನಿ. ಇವತ್ತ ಸುರು ಮಾಡ್ತೀನಿ.”

ಅವಳು ಸೀರೆಯನ್ನು ಟ್ರಂಕಿನೊಳಗೆ ಇಡುತ್ತ, ವ್ಯಂಗ್ಯವಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದಳು:

“ಈ ಸರ್ತಿ ಯಾರ ಕಡಿಂದ ಹಾಕಸ್ತಿ, ಯವ್ವಾ?”