ಆರು ಸಾವಿರ ಪದಗಳ ಹೊರಗೆ

ಗ್ಯಾಸ್ ಮಾರುವವನು ಸಿಲಿಂಡರಿಗೆ ಕಬ್ಬಿಣದ ಸರಳು ಬಡಿಯುತ್ತ ನಮ್ಮ ಏರುಬೀದಿ ಹತ್ತುತ್ತಿದ್ದ. ಪೂನೋ ಊರಿಗೆ ಬೆಳಗಾಗುವುದೇ ಈ ಸದ್ದಿನಿಂದ. ಪಕ್ಕದ ಕೋಣೆಯ ಸಾಬಿನಾ ಚಂಬಿ ಮಾತ್ರ ಅದಕ್ಕೂ ಮೊದಲೇ ಎದ್ದು ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು.

ಅವಳು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿ. ಊರಂಚಿನ ಸರೋವರದ ಜನ ಜೊಂಡಿನಿಂದ ದೋಣಿ ಕಟ್ಟುವುದನ್ನು ಕುರಿತು ಅವಳು ಬರೆದ ಲೇಖನವನ್ನು ರಾಜಧಾನಿ ಲಿಮಾದ ಸಂಶೋಧನಾ ಪತ್ರಿಕೆಯೊಂದು ಒಪ್ಪಿತ್ತು. ಅಚ್ಚಾದರೆ ಕೆಲಸ ಉಳಿಯುತ್ತದೆ. ಆದರೆ ಅಡಿಟಿಪ್ಪಣಿಯೂ ಸೇರಿ ಆರು ಸಾವಿರ ಪದ ಮೀರಬಾರದು. ಕಡಿದೂ ಕಡಿದೂ ಸಾಬಿನಾ ಕೊನೆಗೆ ಒಂದು ಪ್ಯಾರಾದ ಮುಂದೆ ಬಂದು ನಿಂತಿದ್ದಳು. ಅದರಲ್ಲಿ ಎಲೋಯ್ ಕೋಯ್ಲಾ ಇದ್ದ.

ದೋಣಿಯ ವಿದ್ಯೆಯನ್ನೆಲ್ಲ ಅವಳಿಗೆ ಹೇಳಿಕೊಟ್ಟವನು ಅವನೇ. ಒದ್ದೆ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ, ಮೊಣಕಾಲಿನಿಂದ ಜೊಂಡನ್ನು ಒತ್ತಿ, ಗಂಟು ಬಿಗಿಯುವಾಗ ಉಸಿರು ಹಿಡಿಯುತ್ತಿದ್ದನಂತೆ. ಅದನ್ನು ಹೇಳುವಾಗ ಸಾಬಿನಾಳೂ ಉಸಿರು ಹಿಡಿಯುತ್ತಿದ್ದಳು. ಹೋದ ವರ್ಷ ಅವನು ಗಡಿಯಾಚೆ, ಇದೇ ಸರೋವರದ ದಡದ ಕೋಪಕಬಾನಾಕ್ಕೆ ದೋಣಿ ಕಟ್ಟುವ ಕೆಲಸಕ್ಕೆ ಹೋದ. ಬಸ್ಸಿನಲ್ಲಿ ಒಂದು ಬೆಳಗಿನ ದಾರಿ. ಅವನು ಬಾ ಎನ್ನಲಿಲ್ಲ, ಇವಳು ಬರಲೇ ಎನ್ನಲಿಲ್ಲ.

"ಪತ್ರಿಕೆ ಪರವಾಗಿ ಲೇಖನ ಓದಿದ ಆ ಪರೀಕ್ಷಕ ತನ್ನ ಪುಸ್ತಕಗಳ ಪಟ್ಟಿ ಸೇರಿಸು ಅಂದಿದ್ದನಲ್ಲ, ಅದನ್ನ ಕಿತ್ತುಹಾಕೇ," ಅಂದೆ.

"ಅದನ್ನ ಕಿತ್ರೆ ಅವನು ಲೇಖನಾನೇ ಕಿತ್ತುಹಾಕ್ತಾನೆ ಕಣೇ."

"ಹಾಗಾದ್ರೆ ಎಲೋಯ್‌ನ ತೆಗಿ."

ನಾನು ತಂದಿಟ್ಟ ಕೋಕಾ ಎಲೆಯ ಚಹಾ ಆರಿಹೋಯಿತು. ಅವಳು ಪತ್ರಿಕೆಯ ನಿಯಮಗಳನ್ನು ಮತ್ತೆ ಮೊದಲಿನಿಂದ ಓದತೊಡಗಿದಳು.

"ಇಲ್ನೋಡು, ಲೇಖಕರ ಹೆಸರು ಪದಗಳ ಲೆಕ್ಕಕ್ಕಿಲ್ವಂತೆ!"

ಪ್ಯಾರಾವನ್ನು ಅಳಿಸಿದಳು. ಲೇಖನದ ಶೀರ್ಷಿಕೆಯ ಕೆಳಗೆ, ತನ್ನ ಹೆಸರಿನ ಪಕ್ಕದಲ್ಲಿ ಅವನ ಹೆಸರು ಬರೆದಳು.

"ಓಹೋ, ಲಗ್ನಪತ್ರಿಕೆ ಆಯ್ತಲ್ಲೇ ಇದು!"

"ಸುಮ್ನಿರೇ. ಇದ್ರಲ್ಲಿ ಅರ್ಧ ಅವನದೇ."

"ಸರಿ ತಾಯಿ. ಆದ್ರೆ ಕೆಳಗೆ ಓದು. ಲೇಖಕರೆಲ್ಲ ಕೈಯಾರೆ ಸಹಿ ಹಾಕ್ಬೇಕಂತೆ, ಶನಿವಾರದೊಳಗೆ. ಎಲ್ಲಿಂದ ತರ್ತೀಯ?"

ಅವಳು ಓದಿದಳು. ಕಿಟಕಿಯಾಚೆ ಸರೋವರದ ಕಡೆ ನೋಡಿದಳು. ಆಮೇಲೆ ಸಹಿಯ ಹಾಳೆಯನ್ನು ಪ್ರಿಂಟ್ ತೆಗೆದು ಚೀಲಕ್ಕೆ ತುರುಕಿ ಶಾಲು ಹೊದ್ದಳು.

"ಕೋಪಕಬಾನಾ ಬಸ್ಸು ಇನ್ನೂ ಸಿಗುತ್ತಲ್ವಾ?"

"ಹೋಗಿ, ಅವನು ಒಲ್ಲೆ ಅಂದ್ರೆ?"

"ಅಂದ್ರೆ ಅನ್ಲಿ. ಸಹಿ ಹಾಕ್ದಿದ್ರೂ, ಒಂದ್ಸಲ ಅವನನ್ನ..." ಎನ್ನುತ್ತಲೇ ಮೆಟ್ಟಿಲಿಳಿದು ಹೋದಳು.