ಆಕಳ ಗ್ರಂಥಿ, ಕಾಡಿನ ಬೇರು, ನನ್ನ ನಿದ್ದೆ

ಮಧ್ಯಾಹ್ನದ ಊಟವಾಗಿ ಪಾತ್ರೆ ತೊಳೆದು ಬೋರಲು ಹಾಕುವಷ್ಟರಲ್ಲಿ ನನಗೆ ನಿದ್ದೆ ಬಂದುಬಿಡುತ್ತಿತ್ತು. ಸುಮ್ಮನೆ ತೂಕಡಿಕೆಯಲ್ಲ, ಕಾಳಿ ಹೊಳೆಗೆ ಇಳಿದಂಥ ನಿದ್ದೆ. ಮೊದಲು ಪಾದ ತಣ್ಣಗಾಗುತ್ತಿತ್ತು, ಆಮೇಲೆ ಮೊಣಕಾಲು, ಆಮೇಲೆ ಮಾತು. ದಾಂಡೇಲಿಯ ನಮ್ಮ ಕ್ವಾರ್ಟರ್ಸಿನ ಕಿಟಕಿಯಿಂದ ಕಾಗದದ ಮಿಲ್ಲಿನ ವಾಸನೆ ಬರುತ್ತಿತ್ತು, ಪಾಳಿ ಬದಲಾಗುವ ಭೋಂಗಾ ಕೂಗುತ್ತಿತ್ತು, ಎಲ್ಲವೂ ಎಲ್ಲೋ ಮೇಲೆ, ನನಗೆ ಸಂಬಂಧವಿಲ್ಲದ ಹಾಗೆ. ಸುಡುವ ಬೇಸಿಗೆಯಲ್ಲೂ ರಗ್ಗು ಹೊದೆಯುತ್ತಿದ್ದೆ. ನಮ್ಮ ಮನೆಯವರು ಕುಂಭಕರ್ಣನ ತಂಗಿ ಅಂತ ಹೆಸರಿಟ್ಟಿದ್ದರು. ಅನ್ನಲಿ ಬಿಡಿ, ಅವರ ಬಾಯಿಗೆ ನಾನೇನು ಬೀಗ ಹಾಕಲೇ?

ಆ ನಿದ್ದೆಯಲ್ಲಿ ನನ್ನ ಅವ್ವ ಬರುತ್ತಿದ್ದಳು.

ಅವ್ವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮುಂಡಗೋಡ ಕಡೆಯ ಮಳಗಿಯವಳು, ಬದುಕಿದ್ದಾಗ ನನ್ನ ಮನೆಗೆ ಒಂದು ಸಲವೂ ಬಂದವಳಲ್ಲ. ಬಾ ಅಂದರೆ, ಎಮ್ಮೆ ಯಾರು ಹಿಂಡ್ತಾರ ಅನ್ನುತ್ತಿದ್ದಳು. ಸತ್ತ ಮೇಲೆ ಎಮ್ಮೆಯ ಹಂಗು ಹರಿದು ದಿನಾ ಬರತೊಡಗಿದಳು. ತಲೆಯ ಹತ್ತಿರ ಕೂತು ಕೂದಲು ಬಾಚುತ್ತಿದ್ದಳು. ಮುಖ ಕಾಣುತ್ತಿರಲಿಲ್ಲ. ದೂರದಲ್ಲಿ ತವರಿನ ಕಡೆಯ ಅತ್ತಿವೇರಿಯ ನೀರಿನ ಹಕ್ಕಿಗಳು ಕೂಗಿದಂತೆ ಇರುತ್ತಿತ್ತು. ನಾನು ‘ಅವ್ವಾ’ ಅಂದರೆ ‘ಊಂ’ ಅನ್ನುತ್ತಿದ್ದಳು. ಆ ಒಂದು ‘ಊಂ’ ಕೇಳಲು ಬೆಳಗಿನಿಂದ ಕಾಯುತ್ತಿದ್ದೆ.

ಕುತ್ತಿಗೆಯ ಬುಡ ಸ್ವಲ್ಪ ಊದಿದ್ದು ನೋಡಿ ಮನೆಯವರೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ರಕ್ತ ಪರೀಕ್ಷೆಯಾಯಿತು. ಥೈರಾಯಿಡ್ ಗ್ರಂಥಿ ಮಂದವಾಗಿದೆ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಗುಳಿಗೆ, ಬಿಡಕೂಡದು, ಬಿಟ್ಟರೆ ಮುಂದೆ ಹೃದಯಕ್ಕೂ ತೊಂದರೆ ಅಂದರು ಡಾಕ್ಟರು. ತೆಗೆದುಕೊಂಡೆ. ವಾರ ಕಳೆದ ಹಾಗೆ ನಿದ್ದೆ ತೆಳುವಾಯಿತು, ಅವ್ವ ಬರುವುದು ಕಡಿಮೆಯಾಯಿತು, ಕೊನೆಗೆ ನಿಂತೇಹೋಯಿತು. ಆ ಚಿಟಿಕೆಯಷ್ಟು ಗುಳಿಗೆ ನನ್ನ ಅವ್ವನನ್ನು ಓಡಿಸಿತ್ತು. ಯಾರ ಮುಂದೆ ಹೇಳಲಿ? ನಾಲಿಗೆಯ ಕೆಳಗಿಟ್ಟುಕೊಂಡು ಹಿತ್ತಲಿಗೆ ಹೋಗಿ ಕರಿಬೇವಿನ ಬುಡಕ್ಕೆ ಉಗುಳತೊಡಗಿದೆ. ಅವ್ವ ಮತ್ತೆ ಬಂದಳು. ನನಗೆ ಬೇಕಾದದ್ದು ಅಷ್ಟೇ.

ಆದರೆ ಒಂದು ದಿನ ಹಾಲು ಕಾಯಲಿಟ್ಟು ಮಲಗಿಬಿಟ್ಟೆ. ಮಧ್ಯಾಹ್ನ ಅತ್ತೆ ಭಜನೆಗೆ ಹೋಗಿರುತ್ತಿದ್ದರು. ಯುಕೆಜಿಯಿಂದ ಬಂದು ಉಂಡ ಮಗಳೊಬ್ಬಳೇ ಮನೆಯಲ್ಲಿ. ಸುಟ್ಟ ವಾಸನೆಗೆ ಪಕ್ಕದ ಮನೆಯವರು ಓಡಿಬಂದು ಗ್ಯಾಸ್ ಬಂದ್ ಮಾಡಿದರು. ಗುಳಿಗೆ ಈಕೆಗೆ ಹತ್ತುತ್ತಿಲ್ಲ ಅಂತ ಮನೆಯಲ್ಲಿ ಎಲ್ಲರೂ ತೀರ್ಮಾನ ಮಾಡಿದರು.

ಸುದ್ದಿ ಗೋವಾದ ಮಡಗಾಂವಿಗೆ ಮುಟ್ಟಿತು. ಮನೆಯವರ ಅಕ್ಕ ಅಲ್ಲಿಂದ ಒಂದು ಬಾಟಲಿ ಹಿಡಿದುಕೊಂಡೇ ಬಂದರು.

“ಇದು ಖರೇ ಗ್ರಂಥಿನ ಒಣಗಿಸಿ ಪುಡಿ ಮಾಡಿದ್ದು. ನಿನ್ನ ಗ್ರಂಥಿ ಮಲಗೇತಿ. ಇದನ್ನ ತಿಂದ್ರ ಎದ್ದು ಕುಂದರ್ತೈತಿ” ಅಂದರು.

ಚಹಾ ಸೋಸುತ್ತಿದ್ದ ಅತ್ತೆ ತಿರುಗಿದರು. “ಯಾರ ಗ್ರಂಥಿ?”

“ಆಕಳದ್ದು.”

ನಮ್ಮದು ಮೊಟ್ಟೆಯ ಸಿಪ್ಪೆಯೂ ಹೊಸಿಲು ದಾಟದ ಮನೆ. ಅತ್ತೆ ಸೋಸಣಿಗೆ ಕೆಳಗಿಟ್ಟರು. “ನನ್ನ ಸೊಸಿ ಆಕಳ ಗಂಟಲಾ ತಿನ್ನಬೇಕೇನ?”

“ಔಷಧಕ್ಕ ಜಾತಿ ಇರಂಗಿಲ್ಲ ಯವ್ವಾ.”

“ಔಷಧಕ್ಕ ಇರಂಗಿಲ್ಲ, ನನ್ನ ಅಡಿಗಿಮನಿಗೆ ಐತಿ.”

ತಾಯಿ ಮಗಳು ಸಂಜೆಯತನಕ ಜಗ್ಗಾಡಿದರು. ನನ್ನ ಗಂಟಲಿನ ವಿಷಯ, ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ. ಕಡೆಗೆ ರಾಜಿಯಾಯಿತು: ಬಾಟಲಿ ಒಳಗೆ ಬರಬಾರದು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಗೂಡಿನಲ್ಲಿ, ಸಾಬೂನಿನ ಜೊತೆ ಇರಬೇಕು. ನಾನು ಅಲ್ಲೇ ನಿಂತು ನುಂಗಬೇಕು, ಬಾಯಿ ಮುಕ್ಕಳಿಸಿ, ಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಒಳಗೆ ಬರಬೇಕು. ಆಕಳ ಗ್ರಂಥಿ ನನ್ನ ಹೊಟ್ಟೆಯಲ್ಲಿ ಕೂತು ಒಳಗೆ ಬಂದರೆ ನಡೆಯುತ್ತದೆ, ಬಾಟಲಿಯಲ್ಲಿ ಕೂತು ಬಂದರೆ ಇಲ್ಲ. ನಗು ಬಂದರೂ ನಗಲಿಲ್ಲ.

ಅದನ್ನು ಉಗುಳಲಾಗಲಿಲ್ಲ, ಅಕ್ಕ ಎದುರೇ ನಿಂತಿರುತ್ತಿದ್ದರು. ಕೆಲವೇ ದಿನಗಳಲ್ಲಿ ಎದೆ ಡವಡವ ಹೊಡೆದುಕೊಳ್ಳತೊಡಗಿತು. ರೊಟ್ಟಿ ಬಡಿಯುವಾಗ ಕೈ ನಡುಗುತ್ತಿತ್ತು. ನಿದ್ದೆ ಪೂರ್ತಿ ಹಾರಿಹೋಯಿತು. ಮಧ್ಯಾಹ್ನ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದೆ, ಹೊರಗೆ ಯಾವುದಾದರೂ ಆಕಳು ಕೂಗಿದರೆ ನನ್ನನ್ನೇ ಕರೆದಂತೆ ಬೆಚ್ಚುತ್ತಿದ್ದೆ. ಕಾಯಿಪಲ್ಲೆಯವಳ ಮೇಲೆ ಕಾರಣವಿಲ್ಲದೆ ಹರಿಹಾಯ್ದೆ. ಮನೆಯವರು ಬಾಟಲಿ ಒಯ್ದು ಡಾಕ್ಟರಿಗೆ ತೋರಿಸಿದರು. “ಇದರಾಗ ಏನ್ ಎಷ್ಟೈತಿ ಅಂತ ನನಗೂ ಗೊತ್ತಾಗೂದಿಲ್ಲ, ನಿಮಗೂ ಗೊತ್ತಾಗೂದಿಲ್ಲ. ಬಂದ್ ಮಾಡ್ರಿ” ಅಂದರಂತೆ. ಬಂದ್ ಆಯಿತು. ಅಕ್ಕ ಮುಖ ಊದಿಸಿಕೊಂಡು ಮಡಗಾಂವಿನ ಬಸ್ಸು ಹತ್ತಿದರು.

ಈಗ ಅತ್ತೆಯ ಸರದಿ. “ಹಿತ್ತಲ ಗಿಡ ಮದ್ದಲ್ಲ ಅಂತ ಗೋವಾದಿಂದ ತರಿಸಿದ್ರಿ. ಈಗರ ನನ್ನ ಮಾತ ಕೇಳ್ರಿ” ಅಂದು ನನ್ನನ್ನು ಹಳಿಯಾಳದ ಆಚೆಯ ಒಂದು ಹಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿ ಸಿದ್ದಿ ಜನಾಂಗದ ಅಜ್ಜಿಯೊಬ್ಬಳು ಬೇರು ಕೊಡುತ್ತಿದ್ದಳು. ಕೊರಳಲ್ಲಿ ಶಿಲುಬೆ, ಸೊಂಟಕ್ಕೆ ಕುಡುಗೋಲು. ನನ್ನ ಗಂಟಲನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದಳು.

“ಗುಳಿಗಿ ತೊಗೊಂತೀಯೇನ ಬಾಯೀ?”

“ದಿನಾ ತೊಗೊಂತಾಳ್ರಿ” ಅಂದರು ಅತ್ತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ತುಟಿ ಒರೆಸಿಕೊಂಡೆ.

“ಅದನ್ನ ಬಿಡಬ್ಯಾಡ. ಇದು ಬಾವು ಇಳಸ್ತೈತಿ, ಮೈ ಬೆಚ್ಚಗ ಇಡ್ತೈತಿ. ರಕ್ತದಾಗಿಂದು ನನಗ ಕಾಣಂಗಿಲ್ಲ.”

ಬೇರಿನ ಹೆಸರು ಕೇಳಬಾರದು, ಹೇಳಿದರೆ ಗುಣ ಹೋಗುತ್ತದೆಯಂತೆ. ಕೈಗೆ ಬಂದ ಮೇಲೆ ಮನೆ ಮುಟ್ಟುವ ತನಕ ಯಾರೊಂದಿಗೂ ಮಾತಾಡಬಾರದು. ಬಸ್ಸಿನಲ್ಲಿ ಬೇರಿನ ಗಂಟು ಮಡಿಲಲ್ಲಿಟ್ಟುಕೊಂಡು ಕೂತೆ. ಎಲ್ಲಿಗೆ ಅಂತ ಕಂಡಕ್ಟರ್ ಕೇಳಿದ, ಅತ್ತೆ ಉತ್ತರ ಕೊಟ್ಟರು. ಪಾಪ, ಮಾತು ಬರೂದಿಲ್ಲೇನ್ರಿ ಅಂದ. ಅತ್ತೆ ಹೂಂ ಅಂದುಬಿಟ್ಟರು. ರಸ್ತೆಯ ಎರಡೂ ಕಡೆ ಸಾಗವಾನಿ ಮರಗಳು ಹಿಂದೆ ಹಿಂದೆ ಹೋಗುತ್ತಿದ್ದವು, ಎಲೆಗಳ ನಡುವಿನ ಬಿಸಿಲು ನನ್ನ ರೆಪ್ಪೆಯ ಮೇಲೆ ಬಿದ್ದು ಏಳುತ್ತಿತ್ತು. ಮಾತಿಲ್ಲದೆ ಹೋಗುವುದು ಎಷ್ಟು ಸುಖ ಅನ್ನಿಸಿತು. ಹಾಗೇ ದಾಂಡೇಲಿ ದಾಟಿ ಕುಂಬಾರವಾಡದವರೆಗೂ ಹೋದರೂ ನನಗೆ ಅಡ್ಡಿಯಿರಲಿಲ್ಲ.

ಬೇರು ಕಹಿ, ಅಶ್ವಗಂಧದಂಥ ವಾಸನೆ. ಬಿಸಿ ಹಾಲಿನಲ್ಲಿ ಕುಡಿದರೆ ಮೈ ಸಡಿಲಾಗುತ್ತಿತ್ತು. ಗ್ರಂಥಿಯ ಪುಡಿ ರಟ್ಟೆ ಹಿಡಿದು ಎಬ್ಬಿಸಿದರೆ ಬೇರು ಬೆನ್ನು ತಟ್ಟಿ ಮಲಗಿಸುತ್ತಿತ್ತು. ನಿದ್ದೆ ಮರಳಿತು, ಅವ್ವ ಮರಳಿದಳು, ಬಾಚತೊಡಗಿದಳು. ನಾನು ಎಲ್ಲರ ಮುಂದೆ ಬೇರನ್ನು ಹೊಗಳಿದ್ದೇ ಹೊಗಳಿದ್ದು. ಅದು ನನ್ನನ್ನು ಗುಣ ಮಾಡುತ್ತಿರಲಿಲ್ಲ, ಅದಕ್ಕೇ ನನಗೆ ಇಷ್ಟವಾಗಿತ್ತು. ಅಜ್ಜಿ ಗುಳಿಗೆ ಬಿಡಬೇಡ ಅಂದದ್ದು ಅತ್ತೆಗೆ ನೆನಪಿತ್ತು, ನನಗೂ ನೆನಪಿತ್ತು. ದಿನಾ ಗುಳಿಗೆ ಉಣ್ಣುತ್ತಿದ್ದ ಕರಿಬೇವು ಚೆನ್ನಾಗಿ ಚಿಗುರಿತ್ತು.

ಒಂದು ಮಧ್ಯಾಹ್ನ ಕೂದಲು ಚುರ್ರೆಂದು ಎಳೆದಂತಾಗಿ ಎಚ್ಚರವಾಯಿತು. ತಿರುಗಿ ನೋಡಿದರೆ ಮಗಳು, ಬಾಚಣಿಗೆ ನನ್ನ ಸಿಕ್ಕಿನಲ್ಲಿ ಸಿಕ್ಕಿಬಿದ್ದು ಬಿಡಿಸಲಾರದೆ ಕೂತಿದ್ದಾಳೆ.

“ಏನ್ ಮಾಡಾಕತ್ತೀ?”

“ಬಾಚಾಕತ್ತೇನಿ ಮಮ್ಮಿ. ದಿನಾ ಬಾಚ್ತೇನಲ್ಲ, ನೀ ಮಲಗಿದಾಗ.”

“ದಿನಾ?”

“ಹೂಂ. ನೀ ಅವ್ವಾ ಅಂತೀ. ನಾ ಊಂ ಅಂತೇನಿ. ಅನ್ನಲಿಲ್ಲಂದ್ರ ನೀ ಅಳ್ತಿ.”

ಸುಳ್ಳು ಹೇಳಬೇಡ ಅಂತ ಗದರಿಬಿಟ್ಟೆ. ಅವಳು ಹೆದರಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು, ಹೇಗೆ ಅನ್ನುತ್ತೇನೆಂದು ತೋರಿಸಲು, ‘ಊಂ’ ಅಂದಳು. ಅದೇ ‘ಊಂ’. ನನ್ನ ಅವ್ವ ಸತ್ತದ್ದು ನನಗೆ ಆವತ್ತು. ಗೋಡೆಯ ಕಡೆ ತಿರುಗಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಗುಳಿಗೆಯನ್ನು ನುಂಗಿದೆ. ಅದರ ಮರುದಿನವೂ ನುಂಗಿದೆ. ಅತ್ತೆಯ ಸಮಾಧಾನಕ್ಕೆ ಬೇರು ಕೆಲವು ದಿನ ನಡೆಯಿತು, ಡಾಕ್ಟರು ಸಾಕು ಅಂದ ಮೇಲೆ ನಿಂತಿತು. ನಿಧಾನವಾಗಿ ಕಾಲು ಬೆಚ್ಚಗಾಯಿತು, ಸೆಕೆ ಸೆಕೆಯಾಗಿಯೇ ತಾಗತೊಡಗಿತು, ರಗ್ಗು ಪೆಟ್ಟಿಗೆ ಸೇರಿತು. ಕನಸಿಲ್ಲದ ಮಧ್ಯಾಹ್ನಗಳು ಬೋಳುಬೋಳಾಗಿದ್ದವು. ಆ ಸಂಕಟವನ್ನು ಯಾವ ಮದ್ದೂ ಮುಟ್ಟಲಿಲ್ಲ, ಈಗಲೂ ಮುಟ್ಟಿಲ್ಲ.

ಅಂಥ ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಾ ಕೂತಿದ್ದೆ. ಮಗಳು ಬಂದು ಎದುರಿಗೆ ನಿಂತಳು.

“ಇವತ್ತೂ ಮಲಗೂದಿಲ್ಲೇನ ಮಮ್ಮಿ?”

“ಇಲ್ಲ. ಇನ್ನ ಮಧ್ಯಾಹ್ನ ಮಲಗೂದಿಲ್ಲ.”

ಅವಳು ಖುಷಿಪಡುತ್ತಾಳೆ ಅಂದುಕೊಂಡಿದ್ದೆ.

“ಹಂಗಾರ ಇನ್ನ ನನಗ ಅವ್ವಾ ಅಂತ ಕರಿಯೂದಿಲ್ಲ ನೀ?”

ಮೊರ ಪಕ್ಕಕ್ಕಿಟ್ಟೆ. ಎಚ್ಚರದಲ್ಲಿ ಆ ಮಾತು ಆಡುವುದು ಅದೇ ಮೊದಲು.

“ಕರೀತೇನಿ. ಬಾರವ್ವಾ” ಅಂದೆ.

“ಊಂ” ಅಂದು ಬಂದಳು.